ಊಟ ಸರಿಯಿತ್ತು, ಕಾಫಿಯ ಹೊತ್ತು ತಪ್ಪಿತ್ತು

ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ, ಮೊದಲ ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂತು. ಕಂಬ ಹಿಡಿದು ನಿಂತೆ. ಎದೆ ಡವಡವ ಅನ್ನುತ್ತಿತ್ತು. ಕೂದಲು ಉದುರುವುದು, ಮಧ್ಯಾಹ್ನ ತಲೆಭಾರ, ರಾತ್ರಿ ಕಾಲು ಸೆಳೆತ ಇವೆಲ್ಲ ಮೊದಲೇ ಇದ್ದವು. ವಯಸ್ಸು ನಲವತ್ತೊಂದಾಯಿತಲ್ಲ, ಇರುತ್ತೆ ಬಿಡು ಅಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಆದರೂ ಇರಬೇಕು.

ನನಗೆ ನಂಬಲೇ ಆಗಲಿಲ್ಲ. ಮಂಡ್ಯ ಕಡೆಯವಳು ನಾನು. ರಾಗಿಮುದ್ದೆ, ಬಸ್ಸಾರು, ಹುರುಳಿಕಾಳು ತಿಂದು ಬೆಳೆದವಳು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವವಳೂ ನಾನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಆ ಲೆಕ್ಕದೊಳಗೆ ನಾನೂ ಬರುತ್ತೇನೆ ಅಂತ ಯೋಚಿಸಿಯೇ ಇರಲಿಲ್ಲ.

ಡಾಕ್ಟರಮ್ಮ ಮೊದಲು ಕೇಳಿದ್ದು ಮುಟ್ಟಿನ ಬಗ್ಗೆ. ಏಳೆಂಟು ದಿನ ಹೋಗುತ್ತಿತ್ತು, ಅದಕ್ಕೆ ಸ್ಕ್ಯಾನ್ ಮಾಡಿಸಿ ಬೇರೆ ಚಿಕಿತ್ಸೆ ಕೊಟ್ಟರು. ಕಬ್ಬಿಣಾಂಶದ ಮಾತ್ರೆ ಬರೆದರು. ಆಮೇಲೆ ಕೇಳಿದರು, "ಊಟ ಆದ ಮೇಲೆ ಏನು ಕುಡೀತೀರಿ?"

"ಕಾಫಿ ಮೇಡಂ. ಬೆಳಿಗ್ಗೆ ತಿಂಡಿ ಜೊತೆ, ಮಧ್ಯಾಹ್ನ ಊಟ ಆದ ತಕ್ಷಣ ಸ್ಟಾಫ್ ರೂಮಲ್ಲಿ ಒಂದು ಲೋಟ."

"ಅಲ್ಲೇ ಇರೋದು ನೋಡಿ," ಅಂದರು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದೇ ಸ್ವಲ್ಪ. ಕಾಫಿ ಟೀಯಲ್ಲಿರುವ ಒಗರಿನ ಅಂಶ ಹೊಟ್ಟೆಯಲ್ಲಿ ಅದನ್ನು ಹಿಡಿದಿಟ್ಟುಕೊಂಡು ಆ ಸ್ವಲ್ಪವನ್ನೂ ಮೈಗೆ ಸೇರಲು ಬಿಡುವುದಿಲ್ಲ. ಅದೇ ಊಟದ ಜೊತೆ ನಿಂಬೆ, ನೆಲ್ಲಿ, ಸೀಬೆಹಣ್ಣು ಇದ್ದರೆ ಅದರ ಸಿ ಜೀವಸತ್ವದಿಂದ ಹೆಚ್ಚು ಹತ್ತುತ್ತದೆ. ತಟ್ಟೆಯಲ್ಲಿ ಏನಿದೆ ಅಂತ ಇಷ್ಟು ವರ್ಷ ನೋಡಿದ್ದೆ, ಅದರ ಜೊತೆಗೆ ಏನು ಹೋಗುತ್ತಿದೆ ಅಂತ ನೋಡಿರಲಿಲ್ಲ.

ಆವತ್ತಿನಿಂದ ಕಾಫಿ ಬಿಡಲಿಲ್ಲ, ಹೊತ್ತು ಬದಲಿಸಿದೆ. ಒಂದೂವರೆಗೆ ಊಟ, ಮೂರೂವರೆಗೆ ಕಾಫಿ. ಮೊದಲ ಹದಿನೈದು ದಿನ ತಲೆನೋವು ಬಂತು, ಆಮೇಲೆ ಒಗ್ಗಿತು. ಡಬ್ಬಿಯಲ್ಲಿ ಒಂದು ಹೋಳು ನಿಂಬೆಹಣ್ಣು ಇಟ್ಟುಕೊಂಡು ಹೋಗಿ ತಿನ್ನುವ ಹೊತ್ತಿಗೆ ಹಿಂಡಿಕೊಳ್ಳುತ್ತೇನೆ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ತುಳಸಿ ಹಬ್ಬದ ಹೊತ್ತಿಗೆ ಬೆಟ್ಟದ ನೆಲ್ಲಿಕಾಯಿ ಬರುತ್ತದಲ್ಲ, ಆಗ ದಿನಕ್ಕೊಂದನ್ನು ಉಪ್ಪು ಹಚ್ಚಿ ಊಟದ ಜೊತೆಗೇ ಕಡಿಯುತ್ತೇನೆ.

ಹುರುಳಿಕಾಳನ್ನು ಈಗ ಮೊಳಕೆ ಕಟ್ಟದೆ ಬೇಯಿಸುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ಪಾತ್ರೆಯಲ್ಲಿಟ್ಟು ಮೇಲೆ ಒರಳುಗುಂಡು ಹೇರುತ್ತೇನೆ. ಬೇಸಿಗೆಯಲ್ಲಿ ಮಾರನೆ ಬೆಳಿಗ್ಗೆಗೆ ಬಟ್ಟೆಯ ಎಳೆಯೊಳಗಿಂದ ಬಿಳಿ ಮೊಳಕೆ ಹೊರಗೆ ತಲೆ ಹಾಕಿರುತ್ತದೆ. ಗಂಟು ಬಿಚ್ಚಿದರೆ ಒಳಗೆ ಬೆಚ್ಚಗೆ, ಮಳೆ ಬಿದ್ದ ಹೊಲದಂಥ ವಾಸನೆ. ಚಳಿಗಾಲಕ್ಕೆ ಎರಡು ದಿನ ಬೇಕು. ಮೊಳಕೆ ಬಂದಾಗ ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ರಾಗಿಗೂ ಇದೇ ಮಾತು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ಕೇರಿ, ಘಮ ಬರುವಷ್ಟು ಹುರಿದು ಬೀಸಿಸಿದ ಹಿಟ್ಟು ಬೆಳಗಿನ ಗಂಜಿಗೆ. ಅವ್ವ ನಮಗೆಲ್ಲ ಮಗುವಾಗಿದ್ದಾಗ ಇದನ್ನೇ ಕುಡಿಸಿದ್ದಳು. ನಾನು ಕಾರಣ ಹೇಳಿದಾಗ, "ಕಾರ್ಣ ಗೊತ್ತಿಲ್ದೆನೇ ಮಾಡ್ತಿದ್ವಾ ನಾವು? ಮೊಳ್ಕೆ ಕಟ್ಟುದ್ರೆ ಹಗುರ ಕಣವ್ವ, ಮೈಗತ್ತುತ್ತೆ," ಅಂದಳು.

ಬಸ್ಸಾರಿನ ಬೆಲೆಯೂ ಈಗಲೇ ಗೊತ್ತಾದದ್ದು. ಟೌನಿಗೆ ಬಂದ ಮೇಲೆ ಸೊಪ್ಪು ಬೇಯಿಸಿ ನೀರು ಚೆಲ್ಲಿ ಪಲ್ಯ ಮಾಡುವ ಅಭ್ಯಾಸ ಆಗಿಬಿಟ್ಟಿತ್ತು. ರಕ್ತ ಆಗಲು ಕಬ್ಬಿಣಾಂಶದಷ್ಟೇ ಬೇಕಾದ ಫೋಲೇಟ್ ನೀರಿಗೆ ಇಳಿಯುವಂಥದ್ದು, ಅದನ್ನು ಸಿಂಕಿಗೆ ಸುರಿಯುತ್ತಿದ್ದೆ. ಈಗ ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ದಂಟು, ಕೀರೆ, ಅಣ್ಣೆ, ನುಗ್ಗೆ, ಸಂತೆಯಲ್ಲಿ ಯಾವುದು ಸಿಕ್ಕರೂ ಸರಿ. ತಿನ್ನುವವರಿಗೆ ಭಾನುವಾರದ ಬಾಡು ಇನ್ನೂ ನೇರ ದಾರಿ. ಮಾಂಸದ ಕಬ್ಬಿಣಾಂಶ ಸುಲಭವಾಗಿ ಹತ್ತುತ್ತದೆ, ಜೊತೆಗಿರುವ ಸೊಪ್ಪಿನದನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕುರಿ ಈಲಿ, ಅಂದರೆ ಲಿವರ್, ತಂದರೆ ಅದು ನನ್ನ ಪಾಲಿಗೇ.

ಇನ್ನು ಬೀಟ್‌ರೂಟ್, ದಾಳಿಂಬೆ. ಸುದ್ದಿ ತಿಳಿದವರೆಲ್ಲ ಇವನ್ನೇ ತಂದುಕೊಟ್ಟರು. ಪ್ರೀತಿಯಿಂದ ತಂದದ್ದು, ತಿಂದೆ. ಆದರೆ ಬಣ್ಣ ಕೆಂಪಗಿದ್ದ ಮಾತ್ರಕ್ಕೆ ರಕ್ತವಾಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ, ಅಷ್ಟೇ ಹುರುಳಿಕಾಳಿನಲ್ಲಿ 6 ಮಿಲಿಗ್ರಾಂಗಿಂತ ಹೆಚ್ಚಿದೆ. ದಾಳಿಂಬೆಯ ದುಡ್ಡಿಗೆ ತಿಂಗಳ ಹುರುಳಿಕಾಳು ಬರುತ್ತದೆ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಮೂರು ತಿಂಗಳಿಗೆ 11.1, ಆರು ತಿಂಗಳಿಗೆ 12.3. ಇದು ಊಟ ಒಂದರಿಂದಲೇ ಆದದ್ದಲ್ಲ. 8.4ರಿಂದ ಮೇಲೆತ್ತಿದ್ದು ಮಾತ್ರೆ ಮತ್ತು ಮುಟ್ಟಿನ ಚಿಕಿತ್ಸೆ. ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹಾಲಿನ ಜೊತೆ, ರಾಗಿ ಗಂಜಿಯ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಅಡ್ಡ ಬರುತ್ತದೆ. ಸಂಖ್ಯೆ ಏರಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಮೈಯ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು. ಮಾತ್ರೆ ಪೂರ್ತಿ ನಿಲ್ಲಿಸಿ ಈಗ ವರ್ಷದ ಮೇಲಾಯಿತು. ಆಮೇಲೂ ಎರಡು ಸಲ ಪರೀಕ್ಷೆ ಮಾಡಿಸಿದೆ, 12ರ ಕೆಳಗೆ ಇಳಿದಿಲ್ಲ. ಅದು ಊಟದ ಕೆಲಸ ಅಂತ ನನ್ನ ನಂಬಿಕೆ.

ನನ್ನದು ಸರಿಹೋದ ಮೇಲೆ ಪಿಯುಸಿ ಓದುವ ಮಗಳಿಗೂ ಮಾಡಿಸಿದೆ. 10.9 ಬಂತು. ಅವಳಿಗೆ ಹುರುಳಿಕಾಳು ಕಂಡರೆ ಆಗದು, ಆದರೆ ಸೀಬೆಹಣ್ಣಿಗೆ ಉಪ್ಪುಖಾರ ಹಾಕಿ ಡಬ್ಬಿಗಿಟ್ಟರೆ ಒಂದು ಹೋಳೂ ವಾಪಸ್ ಬರುವುದಿಲ್ಲ. ಸದ್ಯಕ್ಕೆ ಅಲ್ಲಿಂದಲೇ ಶುರು ಮಾಡಿದ್ದೇನೆ, ಡಾಕ್ಟರಮ್ಮ ಕೊಟ್ಟ ಮಾತ್ರೆಯ ಜೊತೆಗೆ. ಮುಂದಿನ ಪರೀಕ್ಷೆ ಯುಗಾದಿ ಆದ ಮೇಲೆ.