ಮುನ್ನೂರು ಅಂಕ ಮೇಲಿನವರ ಎದುರು ಕೂತಾಗ

ಯಾರನ್ನೂ ಹೊರಹಾಕದೆ ಪ್ರತಿ ಸುತ್ತಿಗೂ ಹೊಸ ಜೋಡಿ ಮಾಡುವ ಸ್ವಿಸ್ ಪದ್ಧತಿಯ ಓಪನ್ ಚೆಸ್ ಟೂರ್ನಿಯಲ್ಲಿ ಮೊದಲ ಸುತ್ತು ಸಮಬಲದ್ದಾಗಿರುವುದಿಲ್ಲ. ರೇಟಿಂಗ್ (ಆಟಗಾರರ ಬಲ ಅಳೆಯುವ ಅಂಕ) ಪಟ್ಟಿಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಎದುರು ಕೂರಿಸುತ್ತಾರೆ. 200 ಜನರಿದ್ದರೆ ಒಂದನೆಯವರಿಗೆ 101ನೆಯವರು. ನನ್ನಂಥ 1600ರವರಿಗೆ 1900ರವರು ಸಿಗುವುದು ಮಾಮೂಲು. ಗೆದ್ದರೆ 1, ಡ್ರಾ ಆದರೆ ಅರ್ಧ ಅಂಕ ಎಂಬ ಲೆಕ್ಕದಲ್ಲಿ, ಇಷ್ಟು ಅಂತರಕ್ಕೆ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಕೋಷ್ಟಕ ನನ್ನಿಂದ ನಿರೀಕ್ಷಿಸುವುದು 0.15 ಅಂಕ. ರೇಟಿಂಗ್ ಎಷ್ಟು ಏರಿಳಿಯಬೇಕೆಂದು ಹೇಳುವ ಗುಣಕ ‘ಕೆ’ 20 ಆಗಿದ್ದರೆ ಸೋತಾಗ ಹೋಗುವ ರೇಟಿಂಗ್ ಅಂಕ 3, ಡ್ರಾ ಆದರೆ ಬರುವುದು 7, ಗೆದ್ದರೆ 17. ಹೆದರುವಷ್ಟೇನೂ ಪಣದಲ್ಲಿಲ್ಲ.

ಆದರೂ ಕೈ ಹೆದರುತ್ತದೆ, ಸಿಕ್ಕ ಕಾಯಿಯನ್ನೆಲ್ಲ ಬದಲಾಯಿಸಲು ಹೊರಡುತ್ತದೆ. ಮಂತ್ರಿಗಳೆರಡೂ ಹೋದರೆ ಡ್ರಾ ಆಯಿತೆಂದೇ ಲೆಕ್ಕ! ಆಗುವುದು ಬೇರೆ. ನಾನು ಹೊಡೆಯುತ್ತೇನೆ, ಅವರು ತಿರುಗಿ ಹೊಡೆಯುವಾಗ ಅವರ ಕಾಯಿ ಪುಕ್ಕಟೆಯಾಗಿ ಒಳ್ಳೆಯ ಮನೆಗೆ ಬಂದು ಕೂರುತ್ತದೆ. ಹೀಗೆ ಎರಡು ಮೂರು ಸಲವಾದರೆ ಕಾಯಿ ಸಮ, ನಡೆಗಳಲ್ಲಿ ನಾನು ಹಿಂದೆ. ಮುಂದೆ ಉಳಿಯುವುದು ಎಂಡ್‌ಗೇಮ್, ಅಂದರೆ ಕೆಲವೇ ಕಾಯಿಗಳುಳಿದ ಕೊನೆಯ ಹಂತ. ಹೆಚ್ಚು ರೇಟಿಂಗಿನವರು ನಿಜಕ್ಕೂ ಹೆಚ್ಚು ಬಲ್ಲದ್ದು ಅದನ್ನೇ. ಅದಕ್ಕೇ ಈಗ ಬದಲಾಯಿಸುವುದು ನನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಬಿದ್ದ ಒಂಟೆಯಂಥ ಕೆಟ್ಟ ಕಾಯಿಯನ್ನು ಮಾತ್ರ. ಮಿಕ್ಕ ಕಡೆ ಕಾಯಿಗಳು ಎದುರುಬದುರಾಗಿ ನಿಂತ ಬಿಗಿ ಹಾಗೇ ಇರಲಿ.

ಆನೆಗಳ ಎಂಡ್‌ಗೇಮ್ ಬಂದೇ ಬಂದರೆ ಒಂದು ಕಾಲಾಳು ಕಡಿಮೆಯಿದ್ದರೂ ಡ್ರಾ ಉಳಿಸಿಕೊಳ್ಳುವ ಫಿಲಿಡೋರ್ ಸ್ಥಿತಿಯೊಂದು ಬಾಯಿಪಾಠ ಇರಬೇಕು. ಕಪ್ಪು ರಾಜ ಇ8ರಲ್ಲಿ, ಬಿಳಿಯ ಕಾಲಾಳು ಇ5ರಲ್ಲಿ ಇದ್ದಾಗ ಕಪ್ಪು ಆನೆ ಆರನೇ ಸಾಲು ಬಿಟ್ಟು ಕದಲಬಾರದು. ಕಾಲಾಳು ಇ6ಕ್ಕೆ ಬಂದ ಕೂಡಲೇ ಆನೆಯನ್ನು ಒಂದನೇ ಸಾಲಿಗಿಳಿಸಿ ಹಿಂದಿನಿಂದ ಚೆಕ್ ಕೊಡುತ್ತ ಹೋಗಬೇಕು. ಬಿಳಿ ರಾಜನಿಗೆ ಅಡಗಲು ಜಾಗವಿರುವುದಿಲ್ಲ. ಒಂದು ನಡೆ ಮೊದಲೇ ಇಳಿಸಿದರೆ ರಾಜ ಆರನೇ ಸಾಲಿಗೆ ನುಗ್ಗುತ್ತಾನೆ, ಡ್ರಾ ಕಷ್ಟವಾಗುತ್ತದೆ.

ಗಡಿಯಾರದ ಮಾತು. 90 ನಿಮಿಷ, ನಡೆಗೆ 30 ಸೆಕೆಂಡು ಸೇರಿಕೆ ಇದ್ದರೆ 20ನೇ ನಡೆಗೆ 45 ನಿಮಿಷ ಕೈಯಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಎದುರಿನವರು ವಿಚಿತ್ರ ನಡೆ ಆಡಿದಾಗ ‘ಏನೋ ಇರಬೇಕು’ ಎಂದು ಅರ್ಧ ಗಂಟೆ ಹುಡುಕುವುದೇ ದೊಡ್ಡ ನಷ್ಟ. ಚೆಕ್, ಹೊಡೆತ, ಬೆದರಿಕೆ, ಈ ಮೂರನ್ನು ನೋಡಿ. ಏನೂ ಕಾಣದಿದ್ದರೆ ಬಿಟ್ಟಿ ಕಾಲಾಳು ಬಿಟ್ಟಿಯೇ.

ನಿಮ್ಮ ನಡೆಯಿಂದ ಒಂದೇ ಸ್ಥಿತಿ ಮೂರನೇ ಸಲ ಬರುವಂತಿದ್ದರೆ ಡ್ರಾ ಕೇಳಬಹುದು. ಆ ನಡೆಯನ್ನು ಹಾಳೆಯಲ್ಲಿ ಬರೆಯಿರಿ, ಆಡಬೇಡಿ. ಗಡಿಯಾರ ನಿಲ್ಲಿಸಿ ಆರ್ಬಿಟರ್ (ತೀರ್ಪುಗಾರ) ಅವರನ್ನು ಕರೆಯಿರಿ. ಆ ಕಾಯಿಯನ್ನು ಮುಟ್ಟಿದರೂ ಆ ಸರದಿಯಲ್ಲಿ ಡ್ರಾ ಕೇಳುವ ಹಕ್ಕು ಹೋಯಿತು. ಎಣಿಕೆ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಸಿಗುತ್ತದೆ.