ಹ್ಯಾಲೋವೀನ್ ಕುಂಬಳಕಾಯಿ: ಕೊರೆಯುವುದು ಹೇಗೆ?

ಅಮೆರಿಕದಲ್ಲಿ ಅಕ್ಟೋಬರ್ ಬಂತೆಂದರೆ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿ ರಾಶಿ ಬೀಳುತ್ತದೆ. 31ರ ಸಂಜೆ ಹ್ಯಾಲೋವೀನ್, ಮಕ್ಕಳು ವೇಷ ತೊಟ್ಟು ಮನೆಮನೆಗೆ ಚಾಕಲೇಟ್ ಕೇಳಲು ಬರುವ ಹಬ್ಬ. ಅಂದು ಮನೆ ಮೆಟ್ಟಿಲ ಮೇಲೆ ಹಲ್ಲು ಕಿರಿದು ಕೂರುವ ಜಾಕ್-ಓ-ಲ್ಯಾಂಟರ್ನ್, ಅಂದರೆ ಒಳಗೆ ದೀಪವಿಟ್ಟ ಮುಖ, ಆಗುವುದು ಇದೇ ಕಾಯಿ. ನಾವು ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಬೇರೆ. ಇದು ಸಿಹಿಗುಂಬಳದ ಬಳಗ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಎರಡು ವಾರ ಮುಂಚೆಯೇ ಕೊರೆದಿಟ್ಟು ಬೀಗಿದ್ದೆ. ಹಬ್ಬದ ಹೊತ್ತಿಗೆ ಅದರ ಬಾಯಿ ಬೊಚ್ಚು ಬಾಯಿ ಅಜ್ಜನ ಹಾಗೆ ಒಳಕ್ಕೆ ಕುಸಿದಿತ್ತು. ಒಳಗೆಲ್ಲ ಕಪ್ಪು ಬೂಷ್ಟು. ಆದ್ದರಿಂದ ಕಾಯಿ ಬೇಗ ತನ್ನಿ, ಚಾಕು ಮಾತ್ರ 29 ಅಥವಾ 30ಕ್ಕೆ ಮುಟ್ಟಿಸಿ.

ಕಾಯಿ ಆರಿಸುವುದು. ತಳ ಚಪ್ಪಟೆ ಇರಲಿ, ತೊಟ್ಟು ಹಸಿರಾಗಿ ಗಟ್ಟಿಯಾಗಿರಲಿ. ತೊಟ್ಟು ಹಿಡಿದು ಎತ್ತಬೇಡಿ, ಕೈಗೇ ಬಂದುಬಿಡುತ್ತದೆ. ಹೆಬ್ಬೆರಳಿಂದ ಒತ್ತಿದಾಗ ಎಲ್ಲಾದರೂ ಮೆತ್ತಗಿದ್ದರೆ ಅಲ್ಲೇ ಬಿಟ್ಟು ಬನ್ನಿ.

ತೂತು ಕೊರೆಯುವುದು. ಹೆಚ್ಚಿನವರು ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುತ್ತಾರೆ. ಹಾಗೆ ಮಾಡುವುದಾದರೆ ಚಾಕು ಓರೆಯಾಗಿ ಒಳಮುಖಕ್ಕೆ ಇರಲಿ. ನೆಟ್ಟಗೆ ಕೊಯ್ದರೆ ಮುಚ್ಚಳ ದಬಕ್ಕನೆ ಒಳಗೆ ಬೀಳುತ್ತದೆ. ನಾನೀಗ ತಳವನ್ನೇ ಕತ್ತರಿಸುತ್ತೇನೆ. ದೀಪ ನೆಲದ ಮೇಲಿಟ್ಟು, ಅದರ ಮೇಲೆ ಕಾಯಿ ಕವುಚಿದರೆ ಮುಗಿಯಿತು.

ಒಳಗನ್ನು ಕೆರೆಯುವುದು. ನಿಜವಾದ ಕೆಲಸ ಇದೇ. ಮೊದಲು ಕೈ ಹಾಕಿ ನಾರು, ಬೀಜ ಎಲ್ಲ ಎಳೆದು ತೆಗೆಯಿರಿ. ತಣ್ಣಗೆ, ಲೋಳೆ ಲೋಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ. ಮಕ್ಕಳು ಛೀ ಅನ್ನುತ್ತಲೇ ಮೊಣಕೈವರೆಗೆ ಕೈ ಬಿಡುತ್ತಾರೆ. ಆಮೇಲೆ ಗಟ್ಟಿ ಸ್ಟೀಲ್ ಸೌಟಿನಿಂದ ಕೆರೆಯಿರಿ. ಮುಖ ಬರುವ ಕಡೆ ಗೋಡೆ ಸುಮಾರು ಒಂದು ಇಂಚಿಗೆ ಇಳಿಯಬೇಕು. ದಪ್ಪ ಉಳಿದರೆ ಬೆಳಕು ಹೊರಗೆ ಬರುವುದಿಲ್ಲ, ತೀರಾ ತೆಳುವಾದರೆ ಬೇಗ ಬಾಡುತ್ತದೆ. ಕೈನೋವು ಅಂತ ಗೊಣಗುವ ಮುಂಚೆ ಐರ್ಲೆಂಡಿನವರನ್ನು ನೆನೆಯಿರಿ. ಅವರು ಈ ಮುಖಗಳನ್ನು ಕೊರೆಯುತ್ತಿದ್ದದ್ದು ಕಲ್ಲಿನಂಥ ಟರ್ನಿಪ್ ಗೆಡ್ಡೆಯಲ್ಲಿ! 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದವರಿಗೆ ಇಲ್ಲಿನ ಕುಂಬಳಕಾಯಿ ಎಷ್ಟು ಹಾಯೆನಿಸಿರಬೇಕು, ಅಲ್ವಾ? ಐರ್ಲೆಂಡಿನ ಮೇಯೋ ಕೌಂಟಿಯ ಮ್ಯೂಸಿಯಂನಲ್ಲಿ ಅಂಥ ಹಳೆಯ ಗೆಡ್ಡೆ ಮುಖವೊಂದರ ಅಚ್ಚಿದೆ. ಅದರ ಮುಂದೆ ನಮ್ಮ ಕುಂಬಳಕಾಯಿ ತೀರಾ ಸಾಧು.

ಮುಖ ಬಿಡಿಸುವುದು. ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆಯಿರಿ. ತ್ರಿಕೋನದ ಕಣ್ಣು, ಅಗಲ ಬಾಯಿ, ಎರಡೋ ಮೂರೋ ಹಲ್ಲು ಸಾಕು. ಸಣ್ಣ ಕಸೂತಿ ಕೆಲಸ ಬೀದಿಯಿಂದ ಕಾಣುವುದೇ ಇಲ್ಲ. ಅಡುಗೆ ಚಾಕು ಬೇಡ, ಜಾರಿದರೆ ಕೈಗೇ. ಅಂಗಡಿಯಲ್ಲಿ ಸಿಗುವ ಪುಟ್ಟ ಗರಗಸದಿಂದ ಮೆಲ್ಲಗೆ ಕೊಯ್ಯಿರಿ. ಮೊದಲು ಕಣ್ಣು, ಕೊನೆಗೆ ಬಾಯಿ. ತುಂಡುಗಳನ್ನು ಒಳಗಿನಿಂದ ಹೊರಕ್ಕೆ ತಳ್ಳಿ. ಹಲ್ಲು ಮುರಿದರೆ ಟೂತ್‌ಪಿಕ್ ಚುಚ್ಚಿ ಕೂಡಿಸಿ, ಯಾರಿಗೂ ಗೊತ್ತಾಗುವುದಿಲ್ಲ.

ದೀಪ. ಬ್ಯಾಟರಿ ದೀಪವೇ ವಾಸಿ. ಆ ಸಂಜೆ ಉದ್ದ ಲಂಗ, ನಿಲುವಂಗಿ ತೊಟ್ಟ ಮಕ್ಕಳು ಮೆಟ್ಟಿಲ ಮೇಲೆ ಜಾಸ್ತಿ. ಬಾಗಿಲ ಲೈಟನ್ನೂ ಹಾಕಿಡಿ. ಲೈಟು ಆರಿಸಿದ್ದರೆ ಚಾಕಲೇಟ್ ಇಲ್ಲ ಅಂತ ಲೆಕ್ಕ, ಮಕ್ಕಳು ಮುಂದಿನ ಮನೆಗೆ ಹೋಗುತ್ತಾರೆ. ಕೆಲವು ಮನೆಗಳಲ್ಲಿ ನೀಲಿಹಸಿರು ಬಣ್ಣ ಬಳಿದ ಕುಂಬಳಕಾಯಿ ಕಾಣುತ್ತದೆ. ತಿಂಡಿ ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ಸ್ಟಿಕರ್, ಪೆನ್ಸಿಲ್‌ನಂಥದ್ದು ಸಿಗುತ್ತದೆ ಎಂಬುದರ ಗುರುತು ಅದು.

ಬೀಜ ಎಸೆಯಬೇಡಿ. ತೊಳೆದು, ಒರೆಸಿ, ಎಣ್ಣೆ, ಉಪ್ಪು, ಚೂರು ಅಚ್ಚಖಾರದ ಪುಡಿ ಹಚ್ಚಿ, 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 15ರಿಂದ 20 ನಿಮಿಷ ಹುರಿಯಿರಿ. ತಿರುಳನ್ನು ಮಾತ್ರ ಹುಳಿಗೆ ಹಾಕಲು ಹೋಗಬೇಡಿ. ನಾನು ಹಾಕಿ ನೋಡಿದ್ದೇನೆ, ಬರೀ ನೀರು, ನಾರು. ಅಡುಗೆಗೆ ಸಣ್ಣ ಸಿಹಿ ಜಾತಿಯ ಕಾಯಿ ಬೇರೆಯೇ ಸಿಗುತ್ತದೆ.

ಕೊಯ್ದ ಅಂಚು ಒಣಗದಿರಲಿ ಅಂತ ಕೆಲವರು ವ್ಯಾಸಲೀನ್ ಸವರುತ್ತಾರೆ. ಹಾಗೆ ಮಾಡಿದ ಕಾಯಿಯನ್ನು ಹಬ್ಬ ಮುಗಿದಮೇಲೆ ಹಿತ್ತಲಲ್ಲಿ ಬಿಡಬೇಡಿ, ಅಳಿಲುಗಳು ತಿನ್ನುತ್ತವೆ. ನಮ್ಮನೆಯಲ್ಲಂತೂ ಹೋದ ವರ್ಷ ಹಬ್ಬದವರೆಗೂ ಕಾಯಲಿಲ್ಲ. 31ರ ಬೆಳಿಗ್ಗೆ ನೋಡಿದರೆ ಮೂಗು ಮಾಯ. ಕುಂಬಳಕಾಯಿ ಕಳ್ಳ ಬೇಲಿ ಮೇಲೆ ಕೂತು ಬಾಲ ಕುಣಿಸುತ್ತಿದ್ದ, ಹೆಗಲು ಮುಟ್ಟಿ ನೋಡಿಕೊಳ್ಳಲೂ ಇಲ್ಲ.