ಸಿಮೆಂಟ್ ಕಾರ್ಖಾನೆಯ ಕಾರ್ಬನ್ ಲೆಕ್ಕ: ನೀವೇ ಹಾಕಿ ನೋಡಿ

ಮನೆ ಕಟ್ಟಲು ತಂದಿಳಿಸಿದ ಸಿಮೆಂಟ್ ಚೀಲದ ತೂಕ 50 ಕೆ.ಜಿ. ಅದು ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ಆಗಿದ್ದರೆ, ತಯಾರಾಗುವ ಹೊತ್ತಿಗೆ ಸುಮಾರು 40 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಕಂಪನಿ ತನ್ನನ್ನು 'ಹಸಿರು' ಅಂತ ಕರೆದುಕೊಂಡರೆ ಅದನ್ನು ನಾವೇ ಪರೀಕ್ಷಿಸಬಹುದು. ಒಂದು ಕ್ಯಾಲ್ಕುಲೇಟರ್, ಒಂದು ಸಂಜೆ ಸಾಕು.

ಮೊದಲು ಈ ಕಾರ್ಬನ್, ಅಂದರೆ ಇಂಗಾಲದ ಡೈಆಕ್ಸೈಡ್, ಎಲ್ಲಿಂದ ಬರುತ್ತದೆ ಅಂತ ತಿಳಿಯಿರಿ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದಲ್ಲಿ ಇಷ್ಟೊಂದು ಕಾರ್ಖಾನೆಗಳಿರುವುದು ಅಲ್ಲಿನ ಸುಣ್ಣದ ಕಲ್ಲಿನಿಂದಾಗಿ. ಶುದ್ಧವಾದ 100 ಕೆ.ಜಿ. ಸುಣ್ಣದ ಕಲ್ಲು ಸುಟ್ಟರೆ ಉಳಿಯುವುದು 56 ಕೆ.ಜಿ. ಸುಣ್ಣ. ಮಿಕ್ಕ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಗೂಡಿನಲ್ಲಿ ಸುಟ್ಟು ಬರುವ ಗಟ್ಟಿ ಉಂಡೆಗಳೇ ಕ್ಲಿಂಕರ್, ಅದನ್ನು ಅರೆದೇ ಸಿಮೆಂಟ್ ಮಾಡುವುದು. ಒಂದು ಟನ್ ಕ್ಲಿಂಕರ್‌ಗೆ ಹೊರಬೀಳುವ ಸುಮಾರು 850 ಕೆ.ಜಿ.ಯಲ್ಲಿ 500ಕ್ಕೂ ಜಾಸ್ತಿ ಕಲ್ಲಿನದ್ದೇ. ಉಳಿದದ್ದು ಗೂಡಿಗೆ ಹಾಕುವ ಕಲ್ಲಿದ್ದಲು, ಪೆಟ್‌ಕೋಕ್ (ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಇಂಧನ) ಇವುಗಳದ್ದು. ಚಾವಣಿಯ ಮೇಲೆ ಎಷ್ಟೇ ಸೋಲಾರ್ ಹಾಕಿದರೂ ಕಲ್ಲಿನ ಪಾಲು ಕರಗುವುದಿಲ್ಲ.

ಇನ್ನು ವರದಿ ಹುಡುಕಿ. ಷೇರುಪೇಟೆಯ ದೊಡ್ಡ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ) ವರದಿ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ ನಿಯಮ ಮಾಡಿದೆ. ವಾರ್ಷಿಕ ವರದಿಯ ಜೊತೆಗೇ ಅದು ಸಿಗುತ್ತದೆ. ಪರಿಸರದ ವಿವರವಿರುವ 'ಪ್ರಿನ್ಸಿಪಲ್ 6' ಪುಟ ತೆರೆಯಿರಿ. ಸ್ಕೋಪ್ 1 ಅಂದರೆ ಕಾರ್ಖಾನೆಯೊಳಗೇ ಹೊರಬಿದ್ದದ್ದು. ಸ್ಕೋಪ್ 2 ಅಂದರೆ ಕೊಂಡ ಕರೆಂಟಿನದ್ದು. ನಮ್ಮ ಗ್ರಿಡ್‌ನ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಆಸುಪಾಸು ಬೀಳುತ್ತದೆ. ಎರಡನ್ನೂ ಕೂಡಿಸಿಯೇ ನೋಡಿ. ಸ್ವಂತ ವಿದ್ಯುತ್ ಘಟಕ ಮುಚ್ಚಿ ಹೊರಗಿನ ಕರೆಂಟ್ ಕೊಂಡರೆ ಸ್ಕೋಪ್ 1 ಇಳಿಯುತ್ತದೆ, ಆದರೆ ಭಾರ ಸ್ಕೋಪ್ 2ಕ್ಕೆ ಜಾರಿರುತ್ತದೆ ಅಷ್ಟೆ.

ಈಗ ಭಾಗಾಕಾರ. ವರದಿಯಲ್ಲಿ 'ಪ್ರತಿ ರೂಪಾಯಿ ವಹಿವಾಟಿಗೆ ಇಷ್ಟು' ಅಂತ ಒಂದು ಅಂಕಿ ಇರುತ್ತದೆ. ದಯವಿಟ್ಟು ಅದರ ಮೇಲೆ ತೀರ್ಮಾನಕ್ಕೆ ಬರಬೇಡಿ. ಸಿಮೆಂಟ್ ಬೆಲೆ ಏರಿದರೆ ಸಾಕು, ಒಂದು ಕೆ.ಜಿ. ಕಾರ್ಬನ್ ಕೂಡ ಕಡಿಮೆಯಾಗದೆ ಆ ಅಂಕಿ ಇಳಿಯುತ್ತದೆ. ಟನ್ನಿನಿಂದ ಭಾಗಿಸಿ. ಒಂದು ಲೆಕ್ಕ ಹೀಗೆ: ಸ್ಕೋಪ್ 1 ಮತ್ತು 2 ಸೇರಿ 6.2 ಲಕ್ಷ ಟನ್, ತಯಾರಾದ ಸಿಮೆಂಟ್ 10 ಲಕ್ಷ ಟನ್ ಅಂದುಕೊಳ್ಳಿ. ಟನ್‌ಗೆ 620 ಕೆ.ಜಿ. ಆಯಿತು. ಮೂರು ವರ್ಷದ ವರದಿಗಳಿಂದ ಇದೇ ಲೆಕ್ಕ ಹಾಕಿದರೆ ಕಂಪನಿ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತದೆ.

620 ಒಳ್ಳೆಯದೋ ಕೆಟ್ಟದ್ದೋ? ಅದು ಕ್ಲಿಂಕರ್ ಪಾಲನ್ನು ನೋಡದೆ ಹೇಳಲಾಗದ ಮಾತು. ಒಪಿಸಿಯಲ್ಲಿ ಸುಮಾರು 95% ಕ್ಲಿಂಕರ್. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಯಲ್ಲಿ 35%ವರೆಗೆ ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ) ಸೇರಿಸಬಹುದು, ಕ್ಲಿಂಕರ್ ಕಡಿಮೆಯಾದಷ್ಟೂ ಕಾರ್ಬನ್ ಇಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಕ್ಲಿಂಕರ್ ಪಾಲೇ ಮುಖ್ಯ ಅಂಕಿ. ಇಲ್ಲೊಂದು ಎಚ್ಚರವೂ ಬೇಕು. ಬೇರೆಡೆಯಿಂದ ಕ್ಲಿಂಕರ್ ತಂದು ಬರೀ ಅರೆಯುವ ಘಟಕ ತುಂಬಾ ಸ್ವಚ್ಛವಾಗಿ ಕಾಣುತ್ತದೆ, ಗೂಡು ಉರಿದದ್ದು ಇನ್ನೊಂದು ಊರಲ್ಲಿ ಅಲ್ವಾ? ಕೊಂಡ ಕ್ಲಿಂಕರ್‌ನ ಕಾರ್ಬನ್ ಸ್ಕೋಪ್ 3ರಲ್ಲಿ, ಅಂದರೆ ಕೊಂಡ ಸರಕು ಮುಂತಾದ ಹೊರಗಿನ ಮೂಲಗಳ ಲೆಕ್ಕದಲ್ಲಿ, ಬರುತ್ತದೆ. ಆ ಕಾಲಂ ಖಾಲಿ ಇದ್ದರೆ ಹೂಡಿಕೆದಾರರ ವಿಭಾಗಕ್ಕೆ ಇಮೇಲ್ ಬರೆದು ಕೇಳಿ.

ಅದೇ ಪುಟಗಳಲ್ಲಿ ಎಷ್ಟು ನೀರು ಎತ್ತಿದರು, ಎಷ್ಟು ಧೂಳು ಬಿಟ್ಟರು ಅಂತಲೂ ಇರುತ್ತದೆ. ಆಮೇಲೆ ಹಿಂದಕ್ಕೆ ತಿರುಗಿಸಿ 'ಪ್ರಿನ್ಸಿಪಲ್ 3' ನೋಡಿ. ಅಪಘಾತದಲ್ಲಿ ಸತ್ತವರ ಸಂಖ್ಯೆ ಅಲ್ಲಿದೆ. ನೌಕರರ ಸಾಲು ಒಂದು, ಕಾರ್ಮಿಕರ ಸಾಲು ಇನ್ನೊಂದು. ಗುತ್ತಿಗೆಯವರೂ ಆ ಲೆಕ್ಕಕ್ಕೆ ಸೇರಬೇಕು. ಮೂರು ವರ್ಷದ ಅಂಕಿಗಳ ಪಕ್ಕದಲ್ಲಿ ಈ ಸಾಲನ್ನೂ ಬರೆದುಕೊಳ್ಳಿ.